ಬರ್ಮಾ ಚೆಸ್‌ನ ಆನೆ ನೇರ ಓಡುವುದಿಲ್ಲ

ಮ್ಯೂಸಿಯಂನಲ್ಲಿ ಕಂಡ ಬರ್ಮಾದ ದಂತದ ಚೆಸ್ ಕಾಯಿಗಳಲ್ಲಿ ಆನೆಯೂ ಇದೆ, ರಥವೂ ಇದೆ, ರಾಣಿ ಮಾತ್ರ ಇಲ್ಲ, ಕಾಯಿ ಕಳೆದುಹೋಗಿದೆಯಾ ಅಂತ ಕೇಳಿದ್ದೀರಿ. ಇಲ್ಲ, ಆ ಆಟದಲ್ಲಿ ರಾಣಿಯೇ ಇಲ್ಲ. ಅದರ ಹೆಸರು ಸಿಟ್ಟುಯಿನ್. ರಾಜನ ಜೊತೆ ಸೇನಾಪತಿ ಇರುತ್ತಾನೆ, ಅವನು ಓರೆಯಾಗಿ ಒಂದೇ ಮನೆ ಹೋಗಬಲ್ಲ.

ನಾವು ಮೂಲೆಯ ಕಾಯಿಯನ್ನು ಆನೆ ಅಂತ ಕರೆಯುತ್ತೇವೆ, ಅಲ್ವಾ? ಅಲ್ಲಿ ನೇರ ಓಡುವುದು ರಥ. ಆನೆಗೆ ಐದೇ ದಾರಿ: ನಾಲ್ಕು ಓರೆ, ಒಂದು ಮುಂದಕ್ಕೆ, ಪ್ರತಿ ಸಲ ಒಂದೊಂದೇ ಮನೆ. ನಾಲ್ಕು ಕಾಲು, ಒಂದು ಸೊಂಡಿಲು ಅಂತ ನೆನಪಿಟ್ಟುಕೊಳ್ಳಿ.

ನನಗೆ ತುಂಬಾ ಇಷ್ಟವಾಗುವುದು ಆಟದ ಶುರು. ಎಂಟು ಕಾಲಾಳುಗಳಲ್ಲಿ ಎಡಗಡೆಯ ನಾಲ್ಕು ಮೂರನೇ ಸಾಲಿನಲ್ಲಿ, ಬಲಗಡೆಯ ನಾಲ್ಕು ನಾಲ್ಕನೇ ಸಾಲಿನಲ್ಲಿ ನಿಲ್ಲುತ್ತವೆ. ಉಳಿದ ಕಾಯಿಗಳನ್ನು ಅವುಗಳ ಹಿಂದೆ ಆಟಗಾರರೇ ತಮ್ಮ ಲೆಕ್ಕಾಚಾರದಂತೆ ಜೋಡಿಸುತ್ತಾರೆ. ಯುದ್ಧಕ್ಕೆ ಮುಂಚೆ ವ್ಯೂಹ ಕಟ್ಟಿದ ಹಾಗೆ!

ಒಟ್ಟು 32 ಕಾಯಿ ಇದ್ದರೆ ಸೆಟ್ ಪೂರ್ತಿ. ಮತ್ತೆ ಹೋದಾಗ ಕಾಯಿಯ ತಳ ಕಂಡರೆ ಗಮನಿಸಿ. ಆನೆ ದಂತದ ಅಡ್ಡ ಕೊಯ್ತದಲ್ಲಿ ಒಂದನ್ನೊಂದು ಹಾಯುವ ಸಣ್ಣ ಗೆರೆಗಳಿರುತ್ತವೆ. ಮೂಳೆಯಾದರೆ ಕಪ್ಪು ಚುಕ್ಕಿಗಳು ಜಾಸ್ತಿ.