ಬಾಯ್ಕಾಟ್: ಒಬ್ಬ ಏಜೆಂಟನ ಹೆಸರು

ಮಾನ್ಯರೇ,

‘ಬಾಯ್ಕಾಟ್ ಪದದ ಮೂಲ ಯಾವುದು? ನಿಘಂಟಿನಲ್ಲಿ ಬಹಿಷ್ಕಾರ ಎಂದಿದೆ. ಹಾಗಾದರೆ ಊರಿನವರು ಒಂದು ಮನೆಗೆ ಹಾಕುವ ಬಹಿಷ್ಕಾರವೂ ಬಾಯ್ಕಾಟೇ ಆಯಿತಲ್ಲ?’ ಎಂದು ಕೇಳಿದ್ದೀರಿ.

ಪದವನ್ನು ಒಡೆದು ನೋಡಿದರೆ ಏನೂ ಸಿಗದು, ಅದು ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್. ಗೇಣಿ ವಸೂಲಿ ಅವನ ಕೆಲಸ. 1879ರಲ್ಲಿ ಬೆಳೆ ಕೈಕೊಟ್ಟಿತ್ತು. ಮರುವರ್ಷ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25 ಇಳಿಸಿ ಎಂದರೆ ಧಣಿ 10ಕ್ಕಿಂತ ಹೆಚ್ಚು ಬಿಡಲು ಒಪ್ಪಲಿಲ್ಲ. ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟಿಸು ಹೊರಡಿಸಿದ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಎನ್ನಿಸ್ ಪಟ್ಟಣದ ಸಭೆಯಲ್ಲಿ ಐರಿಷ್ ರೈತ ಚಳವಳಿಯ ನಾಯಕ ಪಾರ್ನೆಲ್ ಒಂದು ದಾರಿ ಹೇಳಿಕೊಟ್ಟಿದ್ದ: ಒಬ್ಬನನ್ನು ಎಬ್ಬಿಸಿದ ಹೊಲಕ್ಕೆ ಹೋಗಿ ಕೂರುವವನನ್ನು ಬೀದಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲೂ ದೂರವಿಡಿ. ಮೇಯೊ ಜನ ಅದನ್ನು ಬಾಯ್ಕಾಟ್‌ನ ಮೇಲೇ ಪ್ರಯೋಗಿಸಿದರು. ಆಳುಗಳು ಕೆಲಸ ಬಿಟ್ಟು ಹೊರಟರು. ಕಮ್ಮಾರ ಬರಲಿಲ್ಲ, ಬಟ್ಟೆ ಒಗೆಯುವಾಕೆ ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಕೊನೆಗೆ ಅವನ ಬೆಳೆ ತೆಗೆಯಲು ಕ್ಯಾವನ್, ಮೊನಾಘನ್ ಕಡೆಯಿಂದ 50 ಜನ ಬಂದರು, ಅವರ ಕಾವಲಿಗೆ ನೂರಾರು ಸೈನಿಕರು! 1880ರ ಡಿಸೆಂಬರ್ 1ರಂದು ಬಾಯ್ಕಾಟ್ ಐರ್ಲೆಂಡನ್ನೇ ಬಿಟ್ಟ.

ಹೆಸರು ಕ್ರಿಯಾಪದವಾದದ್ದು ಅಲ್ಲಿನ ಪಾದ್ರಿ ಜಾನ್ ಒಮಾಲಿಯವರಿಂದ ಎಂದು ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಬರೆದಿದ್ದಾನೆ. ದೂರವಿಡು ಎಂಬರ್ಥದ ಇಂಗ್ಲಿಷಿನ ‘ಆಸ್ಟ್ರಸೈಜ್’ ಪದ ರೈತರಿಗೆ ತಿಳಿಯದು, ‘ಬಾಯ್ಕಾಟ್ ಮಾಡಿ’ ಎಂದುಬಿಟ್ಟರೆ ಹೇಗೆ ಎಂದರಂತೆ ಪಾದ್ರಿ. ನವೆಂಬರ್ ಮುಗಿಯುವಷ್ಟರಲ್ಲಿ ಲಂಡನ್ನಿನ ‘ದಿ ಟೈಮ್ಸ್’ನಲ್ಲೂ ಆ ಪದ ಕಾಣಿಸಿತು. ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳೂ ಅದನ್ನು ತೆಗೆದುಕೊಂಡವು. 1905ರಲ್ಲಿ ಬಂಗಾಳದ ವಿಭಜನೆಯನ್ನು ವಿರೋಧಿಸಿದವರು ವಿದೇಶಿ ಬಟ್ಟೆಯನ್ನು ಬಾಯ್ಕಾಟ್ ಮಾಡಿದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ನಿಘಂಟು ತಪ್ಪಲ್ಲ. ಸಾಮಾಜಿಕ ಬಹಿಷ್ಕಾರದ ವಿರುದ್ಧ ಮಹಾರಾಷ್ಟ್ರ ಮಾಡಿದ 2016ರ ಕಾನೂನಿನ ಇಂಗ್ಲಿಷ್ ಹೆಸರಿನಲ್ಲೂ ‘ಬಾಯ್ಕಾಟ್’ ಇದೆ. ಆದರೂ ಎರಡನ್ನೂ ಒಂದೇ ಹೆಸರಿನಿಂದ ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಮೇಯೊದಲ್ಲಿ ಭೂಮಿ ಇಲ್ಲದವರು ಧಣಿಯ ಏಜೆಂಟನಿಗೆ ತಮ್ಮ ದುಡಿಮೆಯನ್ನು ಕೊಡುವುದಿಲ್ಲ ಎಂದರು. ಊರ ಪ್ರಬಲರು ಕೂಡಿ ಒಂದು ಬಡ ಮನೆಗೆ ನೀರು, ದಿನಸಿ, ಕೂಲಿ ತಪ್ಪಿಸುವುದು ಆ ಮನೆಯವರನ್ನು ಬದುಕಲು ಬಿಡದಿರುವ ಶಿಕ್ಷೆ. ಅಂಥ ಸುದ್ದಿ ಬಂದಾಗ ನಮ್ಮ ಪತ್ರಿಕೆಯಲ್ಲಿ ಬಹಿಷ್ಕಾರ ಎಂದೇ ಬರೆಯುತ್ತೇವೆ. ಹಾಕಿದವರು ಯಾರು ಎಂಬುದನ್ನೂ ಮೊದಲ ಸಾಲಿನಲ್ಲೇ ಬರೆಯುತ್ತೇವೆ.

– ಸಂಪಾದಕ