ಬಿಪಿ ಮಾತ್ರೆ ಶುರುವಾದ ಮೇಲೆ ಲೈಂಗಿಕ ಶಕ್ತಿ ಕುಗ್ಗಿದೆ, ಮಾತ್ರೆ ಬಿಡಬಹುದೇ?

ದಯವಿಟ್ಟು ಬಿಡಬೇಡಿ. ಅಟೆನೊಲಾಲ್ ತೆಗೆದುಕೊಳ್ಳುತ್ತಿದ್ದೇನೆ ಎಂದಿದ್ದೀರಿ. ಅದನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಒಮ್ಮೆಲೇ ಏರಬಹುದು, ಹೃದ್ರೋಗವಿದ್ದವರಿಗೆ ಹೃದಯಾಘಾತವೂ ಆಗಬಹುದು.

ನಿಮ್ಮ ಅನುಮಾನ ಸುಳ್ಳಲ್ಲ. ಅಟೆನೊಲಾಲ್‌ನಂತಹ ಹಳೆಯ, ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ಗಳು, ಹೈಡ್ರೋಕ್ಲೋರೋಥಯಾಜೈಡ್‌ನಂತಹ ಮೂತ್ರವರ್ಧಕಗಳು ಕೆಲವರಲ್ಲಿ ನಿಮಿರುವಿಕೆಯನ್ನು ತಗ್ಗಿಸುತ್ತವೆ. ಸ್ಪೈರನೊಲ್ಯಾಕ್ಟೋನ್ ಪುರುಷ ಹಾರ್ಮೋನಿಗೇ ಅಡ್ಡ ಬರುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಅಮ್ಲೋಡಿಪಿನ್‌ಗಳಲ್ಲಿ ಈ ತೊಂದರೆ ಕಡಿಮೆ. ಬೀಟಾ ಬ್ಲಾಕರ್ ಬೇಕೇ ಬೇಕೆಂದಾದರೆ ನೆಬಿವೊಲಾಲ್ ಇದೆ. ಅದು ನೈಟ್ರಿಕ್ ಆಕ್ಸೈಡ್ ಮೂಲಕ ರಕ್ತನಾಳಗಳನ್ನು ಹಿಗ್ಗಿಸುತ್ತದೆ.

ಆದರೆ ತಪ್ಪೆಲ್ಲ ಮಾತ್ರೆಯದೇ ಇರಲಿಕ್ಕಿಲ್ಲ. ಬಿಪಿಯೇ ರಕ್ತನಾಳಗಳನ್ನು ಹಾಳುಮಾಡುತ್ತದೆ. ಶಿಶ್ನದ ನಾಳಗಳು ಹೃದಯದ ನಾಳಗಳಿಗಿಂತ ಸಣ್ಣವು, ಹಾಗಾಗಿ ಹೃದ್ರೋಗದ ಮುನ್ಸೂಚನೆ ಅಲ್ಲೇ ಮೊದಲು ಕಾಣಬಹುದು. ಸಕ್ಕರೆ ಕಾಯಿಲೆ, ಬೀಡಿ, ಗುಟ್ಕಾ ಇದ್ದರಂತೂ ಇನ್ನೂ ಬೇಗ.

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ವೈದ್ಯರೆದುರು ಇದನ್ನು ಹೇಳಲು ನಾಚಿ, ಔಷಧಿ ಅಂಗಡಿಯಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ (ನಿಮಿರುವಿಕೆಗೆ ಕೊಡುವ, ವಯಾಗ್ರ ಎಂದು ಹೆಸರಾದ ಮಾತ್ರೆ) ಕೇಳುವವರಿದ್ದಾರೆ. ನನಗೆ ನಿಜವಾದ ಭಯ ಇದರದು. ಎದೆನೋವಿಗೆ ಸಾರ್ಬಿಟ್ರೇಟ್‌ನಂತಹ ನೈಟ್ರೇಟ್ ಬಳಸುವವರು ಸಿಲ್ಡೆನಾಫಿಲ್ ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ನಿಮ್ಮ ಎಲ್ಲ ಮಾತ್ರೆಗಳ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, ನನಗೆ ಬರೆದಷ್ಟೇ ನೇರವಾಗಿ ಅವರಿಗೂ ಹೇಳಿ. ಮಾತ್ರೆ ಬದಲಿಸುವ ದಾರಿ ಇದೆ.