ಹೇರ್ ಟ್ರಾನ್ಸ್‌ಪ್ಲಾಂಟ್‌ಗೆ ಇಷ್ಟು ಬೇಗ ಹೋಗಬೇಡಿ

22ಕ್ಕೇ ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿದೆ, ಔಷಧಿಯ ರಗಳೆ ಬಿಟ್ಟು ಸೀದಾ ಟ್ರಾನ್ಸ್‌ಪ್ಲಾಂಟ್ ಮಾಡಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನೆಟ್ಟ ಕೂದಲು ಮುಂದೆ ಉಳಿದು ಅದರ ಹಿಂದಿನದು ಉದುರುತ್ತಾ ಹೋದರೆ ನಡುವೆ ಬೋಳು ಪಟ್ಟಿ ಕಾಣುತ್ತೆ. ಹಿಂದಲೆಯಿಂದ ತೆಗೆಯಬಹುದಾದ ಕೂದಲಿಗೂ ಮಿತಿಯಿದೆ.

ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಮೂಲೆಗಳಲ್ಲಿ ಎಳೆ ತೆಳ್ಳಗಾಗುತ್ತಾ ಬಂದಿದ್ದರೆ ಅದು ಬಹುತೇಕ ವಂಶದ್ದು, ಕೂದಲ ಬುಡವನ್ನು ಕುಗ್ಗಿಸುವ ಡಿಎಚ್‌ಟಿ ಹಾರ್ಮೋನಿನ ಕೆಲಸ. ಇಡೀ ತಲೆಯ ಕೂದಲು ಒಟ್ಟಿಗೇ ಉದುರುತ್ತಿದ್ದರೆ ಥೈರಾಯ್ಡ್, ಕಬ್ಬಿಣದ ಕೊರತೆ ನೋಡಬೇಕು.

ವಂಶದ್ದೇ ಆದರೆ ತಲೆಗೆ ಹಚ್ಚುವ ಔಷಧಿ ಮಿನಾಕ್ಸಿಡಿಲ್ 5% ಇದೆ. ಅದನ್ನು ಹಚ್ಚಿದ ಮೊದಲ ವಾರಗಳಲ್ಲಿ ಇನ್ನಷ್ಟು ಉದುರಬಹುದು. ಬಾಚಣಿಗೆ ನೋಡಿ ಗಾಬರಿಯಾಗಿ ಬಿಟ್ಟುಬಿಡಬೇಡಿ. ಹಳೇ ಕೂದಲು ಜಾಗ ಖಾಲಿ ಮಾಡ್ತಿರುತ್ತೆ ಅಷ್ಟೇ. 4-6 ತಿಂಗಳು ಕೊಡಿ. ಉದುರುವುದನ್ನು ತಡೆಯೋಕೆ ಫಿನಾಸ್ಟೆರೈಡ್ 1 ಮಿ.ಗ್ರಾಂ ಮಾತ್ರೆ ಇನ್ನೂ ಪರಿಣಾಮಕಾರಿ. ಆದರೆ ಕೆಲವರಿಗೆ ಲೈಂಗಿಕ ಆಸಕ್ತಿ ತಗ್ಗುತ್ತೆ, ಮನಸ್ಸು ಕುಗ್ಗುತ್ತೆ. ಹಿಂದೆ ಖಿನ್ನತೆ ಇದ್ದಿದ್ದರೆ ಮುಚ್ಚಿಡದೆ ಹೇಳಿ, ನೀವಾಗೇ ತಂದು ನುಂಗಬೇಡಿ.

ಈ ಎರಡು ಔಷಧಿಗಳಲ್ಲಿ ಯಾವುದನ್ನು ನಿಲ್ಲಿಸಿದರೂ ಉಳಿಸಿಕೊಂಡದ್ದು ವರ್ಷದೊಳಗೆ ಹೋಗುತ್ತೆ. ಹಾಗಾಗಿ ವರ್ಷಗಟ್ಟಲೆ ದಿನಾ ಮಾಡ್ತೀರಾ ಅನ್ನೋದೇ ನಿಜವಾದ ಪ್ರಶ್ನೆ. ಆಗಲ್ಲ ಅನ್ನಿಸಿದರೆ ನುಣ್ಣಗೆ ಟ್ರಿಮ್ ಮಾಡಿಕೊಂಡು ಆರಾಮಾಗಿರುವುದೂ ಒಂದು ದಾರಿ, ಅದರಲ್ಲಿ ಸೋಲೇನಿಲ್ಲ. ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆಗೆ ಮಾತ್ರ ದುಡ್ಡು ಸುರಿಯಬೇಡಿ, ಕೊರತೆ ಇಲ್ಲದಿದ್ದರೆ ಉಪಯೋಗವಿಲ್ಲ.